ಗಾಳಿಮಾತು ಪ್ರಯೋಗಾಲಯವನ್ನು ಹೊಕ್ಕಾಗ: ಅಜಾರಿಯಾ ಚೇಂಬರ್ಲೇನ್ ಪ್ರಕರಣ

ಮಾನ್ಯರೇ, ಈ ಸಭೆಯಲ್ಲಿ ಕಾನೂನು ಓದುತ್ತಿರುವವರೂ ಪತ್ರಿಕೋದ್ಯಮ ಓದುತ್ತಿರುವವರೂ ಇದ್ದೀರಿ. ‘ಮಾಧ್ಯಮ ವಿಚಾರಣೆ’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಕೇಳಿದಾಗ, ಹತ್ತು ಪ್ರಕರಣಗಳನ್ನು ಹೆಸರಿಸಿ ಒಂದೊಂದರ ಬಗ್ಗೆಯೂ ಒಂದೆರಡು ಮಾತು ಹೇಳುವುದಕ್ಕಿಂತ, ಒಂದೇ ಪ್ರಕರಣದ ಒಳಹೊಕ್ಕು ಅದರ ಬೇರುಗಳನ್ನು ತಡಕಿ ನೋಡುವುದು ಮೇಲೆಂದು ನನಗನ್ನಿಸಿತು. ನಾನು ಆರಿಸಿಕೊಂಡಿರುವುದು ಆಸ್ಟ್ರೇಲಿಯಾದ ಲಿಂಡಿ ಚೇಂಬರ್ಲೇನ್ ಅವರ ಪ್ರಕರಣ. ಪತ್ರಿಕೆಗಳು ತಪ್ಪು ಬರೆದವು, ಜನ ನಂಬಿದರು, ಒಬ್ಬ ನಿರಪರಾಧಿಯ ಹೆಸರು ಕೆಟ್ಟಿತು ಎಂಬುದು ಇಂಥ ಪ್ರಕರಣಗಳ ಬಗ್ಗೆ ನಾವು ಸಾಮಾನ್ಯವಾಗಿ ಹೇಳುವ ಮಾತು. ಈ ಪ್ರಕರಣದಲ್ಲಿ ಆದದ್ದು ಅದಕ್ಕಿಂತ ಗಂಭೀರವಾದದ್ದು. ಬೀದಿಯಲ್ಲಿ ಹುಟ್ಟಿದ ಮಾತು ಬೀದಿಯಲ್ಲೇ ಉಳಿಯದೆ ಪ್ರಯೋಗಾಲಯವನ್ನು ಹೊಕ್ಕಿತು, ಅಲ್ಲಿಂದ ವಿಜ್ಞಾನದ ಉಡುಪು ತೊಟ್ಟು ಹೊರಬಂದಿತು, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಂತಿತು. ಆ ದಾರಿಯನ್ನು ಹಂತಹಂತವಾಗಿ ತೋರಿಸುವುದಷ್ಟೇ ಇಂದಿನ ನನ್ನ ಉದ್ದೇಶ.

ಮೊದಲು ಘಟನೆ. 1980ರ ಆಗಸ್ಟ್ 17, ಭಾನುವಾರದ ರಾತ್ರಿ. ಆಸ್ಟ್ರೇಲಿಯಾದ ನಡುಗಾಡಿನಲ್ಲಿ ಆಗ ಏಯರ್ಸ್ ರಾಕ್ ಎಂದು ಕರೆಯಲಾಗುತ್ತಿದ್ದ, ಅಲ್ಲಿಯ ಮೂಲನಿವಾಸಿಗಳಿಗೆ ಎಂದಿನಿಂದಲೂ ಉಲುರು ಆಗಿರುವ ಕೆಂಪು ಬಂಡೆಯ ಬುಡದಲ್ಲಿ ಪ್ರವಾಸಿಗರ ಬಿಡಾರಗಳಿದ್ದವು. ಕ್ವೀನ್ಸ್‌ಲ್ಯಾಂಡಿನ ಮೌಂಟ್ ಐಸಾ ಎಂಬ ಗಣಿ ಊರಿನಿಂದ ಬಂದಿದ್ದ ಮೈಕೆಲ್ ಚೇಂಬರ್ಲೇನ್ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಗಡದ ಪಾದ್ರಿ. ಅವರ ಜೊತೆ ಹೆಂಡತಿ ಲಿಂಡಿ, ಆರು ಮತ್ತು ನಾಲ್ಕು ವರ್ಷದ ಇಬ್ಬರು ಗಂಡುಮಕ್ಕಳು, ಒಂಬತ್ತು ವಾರದ ಹೆಣ್ಣುಮಗು ಅಜಾರಿಯಾ. ಮಗುವನ್ನು ಗುಡಾರದಲ್ಲಿ ಮಲಗಿಸಿ ಲಿಂಡಿ ಒಲೆಯ ಬಳಿಗೆ ಮರಳಿದ್ದರು. ಸ್ವಲ್ಪ ಹೊತ್ತಿಗೆ ಮಗುವಿನ ಅಳು ಕೇಳಿತು. ಅದನ್ನು ಕೇಳಿದವರಲ್ಲಿ ಈ ಕುಟುಂಬಕ್ಕೆ ಅದೇ ಸಂಜೆ ಪರಿಚಯವಾಗಿದ್ದ ಇನ್ನೊಬ್ಬ ಪ್ರವಾಸಿ ಹೆಂಗಸೂ ಇದ್ದರು. ಲಿಂಡಿ ಗುಡಾರದತ್ತ ಹೋದಾಗ ಡಿಂಗೊ ಒಂದು ತಲೆ ಕೊಡವುತ್ತ ಹೊರಬರುತ್ತಿತ್ತು. ಮಗುವನ್ನು ಡಿಂಗೊ ಎತ್ತಿಕೊಂಡು ಹೋಯಿತೆಂದು ಅವರು ಕೂಗಿಕೊಂಡರು. ಆ ಕತ್ತಲಲ್ಲಿ ಮುನ್ನೂರರಷ್ಟು ಜನ ಕೈಬತ್ತಿ ಹಿಡಿದು ಸಾಲುಗಟ್ಟಿ ಹುಡುಕಿದರು. ಮಗು ಸಿಗಲಿಲ್ಲ. ಎಂದೂ ಸಿಗಲಿಲ್ಲ.

ಡಿಂಗೊ ಎಂದರೆ ಆಸ್ಟ್ರೇಲಿಯಾದ ಕಾಡುನಾಯಿ. ನಾಗರಹೊಳೆ, ಬಂಡೀಪುರಗಳಲ್ಲಿ ಹಿಂಡು ಕಟ್ಟಿಕೊಂಡು ಬೇಟೆಯಾಡುವ ನಮ್ಮ ಸೀಳುನಾಯಿಯನ್ನು ನೀವು ಕಣ್ಣ ಮುಂದೆ ತಂದುಕೊಳ್ಳಬೇಡಿ. ಡಿಂಗೊ ನೋಡಲು ನಮ್ಮ ಊರನಾಯಿಯನ್ನೇ ಹೋಲುತ್ತದೆ, ಬಿಡಾರಗಳ ಸುತ್ತ ಸುಳಿದಾಡಿ ಎಸೆದದ್ದನ್ನು ತಿನ್ನುತ್ತದೆ. ಈ ಹೋಲಿಕೆಯೇ ಜನರ ಅಪನಂಬಿಕೆಗೆ ಒಂದು ಕಾರಣವಾಯಿತು ಎಂದು ನಾನು ತಿಳಿದಿದ್ದೇನೆ. ತುಮಕೂರಿನ ಕಡೆಯ ಹಳ್ಳಿಯೊಂದರಲ್ಲಿ ಚಿರತೆ ಮಗುವನ್ನು ಎಳೆದುಕೊಂಡು ಹೋಯಿತೆಂಬ ಸುದ್ದಿ ಬಂದರೆ ನಮ್ಮಲ್ಲಿ ಯಾರೂ ತಾಯಿಯ ಮುಖವನ್ನು ಅನುಮಾನದಿಂದ ನೋಡುವುದಿಲ್ಲ, ಏಕೆಂದರೆ ಚಿರತೆ ಏನು ಮಾಡಬಲ್ಲದೆಂಬುದು ನಮಗೆ ಗೊತ್ತು. ಸಿಡ್ನಿಯಲ್ಲೂ ಮೆಲ್ಬರ್ನ್‌ನಲ್ಲೂ ಕುಳಿತು ಪತ್ರಿಕೆ ಓದುತ್ತಿದ್ದವರಿಗೆ ಡಿಂಗೊ ಏನು ಮಾಡಬಲ್ಲದೆಂಬುದು ಗೊತ್ತಿರಲಿಲ್ಲ. ಗೊತ್ತಿದ್ದವರು ಬಂಡೆಯ ಬಳಿಯಲ್ಲೇ ಇದ್ದರು. ಅಲ್ಲಿನ ಮುಖ್ಯ ವನಪಾಲಕ ಡೆರೆಕ್ ರಾಫ್ ಡಿಂಗೊಗಳು ಮನುಷ್ಯರ ಭಯ ಕಳೆದುಕೊಂಡಿವೆಯೆಂದೂ ಮಕ್ಕಳಿಗೆ ಅಪಾಯವಿದೆಯೆಂದೂ ಮೇಲಧಿಕಾರಿಗಳಿಗೆ ಮೊದಲೇ ಬರೆದಿದ್ದರು. ಅಜಾರಿಯಾ ಕಾಣೆಯಾಗುವ ಕೆಲವೇ ವಾರಗಳ ಹಿಂದೆ ಅದೇ ಜಾಗದಲ್ಲಿ ಮೂರು ವರ್ಷದ ಹುಡುಗಿಯೊಬ್ಬಳನ್ನು ಡಿಂಗೊ ಕಾರಿನಿಂದ ಹೊರಗೆಳೆದಿತ್ತು.

ಗೊತ್ತಿದ್ದ ಇನ್ನೂ ಕೆಲವರಿದ್ದರು. ಉಲುರುವಿನ ಸುತ್ತಲಿನ ನೆಲ ಅನಂಗು ಜನರದು. ಹೆಜ್ಜೆ ಓದುವುದು ಅವರಲ್ಲಿ ಬಾಲ್ಯದಿಂದಲೇ ಬರುವ ವಿದ್ಯೆ. ಮರಳಿನ ಮೇಲಿನ ಗುರುತಿನಿಂದ ಪ್ರಾಣಿ ಯಾವುದು, ಹೊರೆ ಹೊತ್ತಿತ್ತೇ ಇಲ್ಲವೇ, ಎಲ್ಲಿ ನಿಂತಿತು ಎಂದು ಅವರು ಹೇಳಬಲ್ಲರು. ನಿಪ್ಪರ್ ವಿನ್ಮಾಟಿ, ಬಾರ್ಬರಾ ಚಿಕಾಡು ಮೊದಲಾದವರು ಗುಡಾರದ ಬಳಿಯಿಂದ ಹೊರಟ ಡಿಂಗೊವಿನ ಹೆಜ್ಜೆಯನ್ನು ಹಿಡಿದು ಹೋದರು. ಅದು ಭಾರವೊಂದನ್ನು ಹೊತ್ತಿತ್ತು, ನಡುವೆ ಅದನ್ನು ಮರಳ ಮೇಲೆ ಇಳಿಸಿತ್ತು, ಆ ಜಾಗದಲ್ಲಿ ಬಟ್ಟೆ ಒತ್ತಿದ ಗುರುತಿತ್ತು. ಒಂದು ವಾರದ ನಂತರ, ಆಗಸ್ಟ್ 24ರಂದು, ಪ್ರವಾಸಿಯೊಬ್ಬರಿಗೆ ಬಂಡೆಯ ಬುಡದಲ್ಲಿ ಮಗುವಿನ ರಕ್ತ ಹತ್ತಿದ ಮೈಯುಡುಪು ಸಿಕ್ಕಿತು. ಫೋಟೊ ತೆಗೆಯುವ ಮುನ್ನವೇ ಪೊಲೀಸರ ಕೈ ಅದರ ಮೇಲೆ ಆಡಿತ್ತು. ಮುಂದೆ ‘ಬಟ್ಟೆ ನೀಟಾಗಿ ಮಡಿಸಿಟ್ಟಂತಿತ್ತು, ನಾಯಿ ಬಟ್ಟೆ ಮಡಿಸುತ್ತದೆಯೇ’ ಎಂಬ ಮಾತು ದೇಶವಿಡೀ ಸುತ್ತಾಡಿತು. ಮಗು ಮೇಲೊಂದು ಬಿಳಿ ಹೆಣಿಗೆಯ ಕೋಟು ತೊಟ್ಟಿತ್ತೆಂದು ತಾಯಿ ಮೊದಲ ದಿನದಿಂದಲೂ ಹೇಳುತ್ತಿದ್ದರು. ಆ ಕೋಟು ಮಾತ್ರ ಸಿಗಲಿಲ್ಲ. ಈ ಕೋಟನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಮ್ಮಲ್ಲಿ ಗಣೇಶ ಚೌತಿಯ ರಾತ್ರಿ ಚಂದ್ರನನ್ನು ಕಂಡವರು ಶಮಂತಕ ಮಣಿಯ ಕಥೆ ಕೇಳಬೇಕೆನ್ನುತ್ತಾರೆ. ಮಣಿ ಧರಿಸಿ ಬೇಟೆಗೆ ಹೋದ ಪ್ರಸೇನ ಮರಳಲಿಲ್ಲ. ಕೃಷ್ಣನೇ ಕೊಂದು ಮಣಿ ಕದ್ದನೆಂದು ದ್ವಾರಕೆಯಲ್ಲಿ ಗುಲ್ಲೆದ್ದಿತು. ಕೃಷ್ಣ ತನ್ನ ಪರವಾಗಿ ವಾದ ಮಾಡುತ್ತ ಕೂರಲಿಲ್ಲ, ಊರಿನವರನ್ನೇ ಕರೆದುಕೊಂಡು ಕಾಡಿಗೆ ಹೋದ. ಹೆಜ್ಜೆಗುರುತು ಹಿಡಿದು ಹೋದಾಗ ಪ್ರಸೇನನನ್ನು ಕೊಂದದ್ದು ಸಿಂಹವೆಂದು ಕಂಡಿತು. ಚಿಕ್ಕಂದಿನಿಂದ ಕೇಳಿದ ಈ ಕಥೆಯಲ್ಲಿ ಮಿಥ್ಯಾಪವಾದಕ್ಕೆ ಮದ್ದು ನೆಲದ ಮೇಲೆ ಬಿದ್ದ ಹೆಜ್ಜೆ. ಉಲುರುವಿನಲ್ಲಿ ಆ ಹೆಜ್ಜೆಯನ್ನು ಕೂಡಲೇ ಓದಲಾಗಿತ್ತು. ಓದಿದವರು ಕಪ್ಪು ಜನರಾಗಿದ್ದರು, ಅವರ ಭಾಷೆ ಇಂಗ್ಲಿಷ್ ಆಗಿರಲಿಲ್ಲ, ಅವರ ಓದಿಗೆ ಪದವಿಯ ಮುದ್ರೆ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಲಂಡನ್ನಿನಿಂದ ಬಂದ ತಜ್ಞರ ಮಾತಿಗೆ ಸಿಕ್ಕ ತೂಕ ಅವರ ಮಾತಿಗೆ ಸಿಗಲಿಲ್ಲ.

ಇನ್ನು ಗಾಳಿಮಾತುಗಳ ವಿಷಯ. ಅಜಾರಿಯಾ ಎಂಬ ಹೆಸರಿಗೆ ‘ಅರಣ್ಯದಲ್ಲಿ ಬಲಿ’ ಎಂಬ ಅರ್ಥವಿದೆಯೆಂದು ಯಾರೋ ಹೇಳಿದರು. ಹೀಬ್ರೂ ಮೂಲದ ಆ ಹೆಸರಿನ ಅರ್ಥ ದೇವರು ನೆರವಾದ ಜೀವ ಎಂದು. ಯಾವುದೇ ಒಳ್ಳೆಯ ನಿಘಂಟನ್ನು ತೆರೆದಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ತಾಯಿ ತಾನೇ ಹೊಲಿದ, ಕೆಂಪು ರಿಬ್ಬನ್ ಹಚ್ಚಿದ ಪುಟ್ಟ ಕಪ್ಪು ಅಂಗಿಯೊಂದನ್ನು ಮಗುವಿಗೆ ಹಾಕುತ್ತಿದ್ದರು. ಎಳೆಮಗುವಿಗೆ ಕಪ್ಪು ಬಟ್ಟೆ ಹಾಕುವ ತಾಯಿ ಎಂಥವಳು ಎಂದು ಜನ ಕೇಳಿದರು. ಆ ಅಂಗಿ ಇಂದು ಕ್ಯಾನ್ಬೆರಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಸಿಗರೇಟು ಬಿಡಿಸುವ ಶಿಬಿರಗಳಲ್ಲಿ ಧೂಮಪಾನದ ಅಪಾಯವನ್ನು ತೋರಿಸಲು ಮೈಕೆಲ್ ಬಳಸುತ್ತಿದ್ದ ಪುಟ್ಟ ಶವಪೆಟ್ಟಿಗೆಯೂ ಕಥೆಯ ಒಳಗೆ ಬಂದು ಸೇರಿತು. ಇವುಗಳ ಹಿಂದೆ ಒಂದು ಭಯವಿತ್ತು. ಎರಡು ವರ್ಷ ಕೂಡ ತುಂಬದ ಹಿಂದೆ, 1978ರ ನವೆಂಬರಿನಲ್ಲಿ, ಗಯಾನಾದ ಜೋನ್ಸ್‌ಟೌನ್‌ನಲ್ಲಿ ಒಂದು ಪಂಥದ ಒಂಬೈನೂರಕ್ಕೂ ಹೆಚ್ಚು ಜನ ಸಾಮೂಹಿಕವಾಗಿ ಸತ್ತಿದ್ದರು. ಅಡ್ವೆಂಟಿಸ್ಟರು ಆಸ್ಟ್ರೇಲಿಯಾದಲ್ಲಿ ಸಣ್ಣ ಸಂಖ್ಯೆಯಲ್ಲಿದ್ದರು, ಶನಿವಾರವನ್ನು ಸಬ್ಬತ್ತಾಗಿ ಆಚರಿಸುತ್ತಿದ್ದರು, ಅವರಲ್ಲಿ ಅನೇಕರು ಮಾಂಸ ತಿನ್ನುತ್ತಿರಲಿಲ್ಲ. ನೆರೆಮನೆಯವರ ಆಚಾರ ಗೊತ್ತಿಲ್ಲದಿದ್ದಾಗ ಅದರೊಳಗೆ ನರಬಲಿಯನ್ನೇ ಕಾಣುವುದು ಎಷ್ಟು ಸುಲಭವೆಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ತಿಳಿದಿಲ್ಲ.

ಎಲ್ಲಕ್ಕಿಂತ ಮೇಲಾಗಿ, ಲಿಂಡಿ ಅಳಲಿಲ್ಲ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಪ್ರಕರಣದ ಹೃದಯ ಇದೇ ಎಂದು ನನಗೆ ತೋರುತ್ತದೆ. ಟೆಲಿವಿಷನ್ ಕ್ಯಾಮೆರಾಗಳ ಮುಂದೆ ಆ ತಾಯಿ ಮಗುವಿನ ಬಟ್ಟೆಯ ಬಗ್ಗೆ, ಪ್ರಾಣಿಯ ಬಗ್ಗೆ, ಆ ರಾತ್ರಿಯ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ಸ್ಪಷ್ಟವಾಗಿ, ವಿವರವಾಗಿ ಉತ್ತರ ಕೊಟ್ಟರು. ಮರುದಿನವೇ ಮೈಕೆಲ್ ಒಂದು ಪತ್ರಿಕೆಗಾಗಿ ಸ್ಥಳದ ಫೋಟೊ ತೆಗೆದುಕೊಟ್ಟರು. ಸತ್ತವರು ಪುನರುತ್ಥಾನದ ದಿನ ಎದ್ದು ಬರುತ್ತಾರೆ, ಮಗುವನ್ನು ಮತ್ತೆ ಎತ್ತಿಕೊಳ್ಳುತ್ತೇವೆ ಎಂಬ ನಂಬಿಕೆಯಲ್ಲಿ ಬೆಳೆದ ದಂಪತಿಗಳು ಅವರು. ದೇವರ ಇಚ್ಛೆಯೆಂದು ಅವರು ಹೇಳಿದ್ದು ಆ ನಂಬಿಕೆಯ ಮಾತು. ನೋಡುಗರಿಗೆ ಬೇಕಾಗಿದ್ದದ್ದು ಬೇರೆ ತಾಯಿ. ಸಾವಿನ ಮನೆಯಲ್ಲಿ ಎದೆ ಬಡಿದುಕೊಂಡು ಅಳದ ಸೊಸೆಯ ಬಗ್ಗೆ ನಮ್ಮ ಕೇರಿಗಳಲ್ಲಿ ಏನೇನು ಮಾತು ಏಳುತ್ತದೆಂದು ಇಲ್ಲಿರುವ ಹೆಂಗಸರಿಗೆ ನಾನು ವಿವರಿಸಬೇಕಾಗಿಲ್ಲ. ಕೇರಿಯ ಆ ನೋಟವನ್ನು ಕ್ಯಾಮೆರಾ ಒಂದು ಖಂಡದ ಅಗಲಕ್ಕೆ ಹಿಗ್ಗಿಸಿತು. ಹತ್ತು ಗಂಟೆಯ ದುಃಖದಲ್ಲಿ ಸಂಪಾದಕನಿಗೆ ಬೇಕಾಗುವುದು ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿನಲ್ಲಿ ಕಣ್ಣು ಒಣಗಿದ್ದರೆ ಅದೇ ಆ ಹೆಂಗಸಿನ ಚಿತ್ರವಾಗುತ್ತದೆ. ಆಮೇಲೆ ಆಕೆಯ ಉಡುಪು, ಕೇಶವಿನ್ಯಾಸ, ಕಪ್ಪು ಕನ್ನಡಕ ಎಲ್ಲವೂ ಚರ್ಚೆಗೆ ಬಂದವು. ಅತ್ತರೆ ನಟನೆ, ಅಳದಿದ್ದರೆ ಕಲ್ಲೆದೆ ಎಂಬ ಇಕ್ಕಳದಿಂದ ಪಾರಾಗುವ ದಾರಿ ಆಕೆಗೆ ಉಳಿದಿರಲಿಲ್ಲ.

ಇದನ್ನು ಕಂಡು ಮನನೊಂದ ಒಬ್ಬ ಅಧಿಕಾರಿ ಇದ್ದರೆಂಬುದನ್ನು ಹೇಳಲೇಬೇಕು. ಅಸಹಜ ಸಾವುಗಳ ಕಾರಣವನ್ನು ವಿಚಾರಿಸುವ ನ್ಯಾಯಾಧಿಕಾರಿಯನ್ನು ಅಲ್ಲಿ ಕೊರೊನರ್ ಎನ್ನುತ್ತಾರೆ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮೊದಲ ವಿಚಾರಣೆ ನಡೆಸಿದ ಕೊರೊನರ್ ಡೆನಿಸ್ ಬ್ಯಾರಿಟ್, 1981ರ ಫೆಬ್ರವರಿ 20ರಂದು, ಮಗುವಿನ ಸಾವಿಗೆ ಡಿಂಗೊ ಕಾರಣ, ತಂದೆತಾಯಿಯರು ಸಂಪೂರ್ಣ ನಿರ್ದೋಷಿಗಳು ಎಂದು ತೀರ್ಮಾನಿಸಿದರು; ಆಮೇಲೆ ಯಾರೋ ಅಪರಿಚಿತರು ದೇಹವನ್ನೂ ಬಟ್ಟೆಯನ್ನೂ ಸಾಗಿಸಿರಬೇಕು ಎಂದೂ ಸೇರಿಸಿದರು. ಆ ತೀರ್ಮಾನವನ್ನು ಟೆಲಿವಿಷನ್ನಿನಲ್ಲಿ ನೇರಪ್ರಸಾರ ಮಾಡಲು ಅವರೇ ಅನುಮತಿ ಕೊಟ್ಟರು, ಆ ದೇಶದಲ್ಲಿ ಅದೇ ಮೊದಲು. ಗಾಳಿಮಾತು ಯಾವ ದಾರಿಯಿಂದ ಹರಡಿತೋ ಅದೇ ದಾರಿಯಿಂದ ಸತ್ಯವೂ ಹೋಗಲಿ ಎಂಬುದು ಅವರ ಆಶಯ. ಅದು ಉದಾತ್ತವಾದ ಆಶಯವಾಗಿತ್ತು, ಫಲಿಸಲಿಲ್ಲ. ಅವರು ಪೊಲೀಸರ ವಿಧಿವಿಜ್ಞಾನ ವಿಭಾಗವನ್ನು ಕಟುವಾಗಿ ಟೀಕಿಸಿದ್ದರು. 1978ರಲ್ಲಷ್ಟೇ ಸ್ವಯಮಾಡಳಿತ ಪಡೆದಿದ್ದ ನಾರ್ದರ್ನ್ ಟೆರಿಟರಿಗೆ ಇಡೀ ದೇಶದ ಕಣ್ಣೆದುರು ಆದ ಆ ಅವಮಾನ ಸಣ್ಣದಾಗಿರಲಿಲ್ಲ.

ಇಲ್ಲಿಂದ ಮುಂದೆ ಗಾಳಿಮಾತು ಪ್ರಯೋಗಾಲಯದ ಬಾಗಿಲು ತಟ್ಟುತ್ತದೆ. ಮಗುವಿನ ಮೈಯುಡುಪು ಲಂಡನ್ನಿನ ಹೆಸರಾಂತ ವಿಧಿವಿಜ್ಞಾನ ತಜ್ಞ ಜೇಮ್ಸ್ ಕ್ಯಾಮೆರಾನ್ ಅವರ ಕೈಗೆ ಹೋಯಿತು. ಅತಿನೇರಳೆ ಬೆಳಕಿನಲ್ಲಿ ಅದರ ಮೇಲೆ ರಕ್ತಸಿಕ್ತ ಕೈಯ ಗುರುತು ಕಾಣುತ್ತದೆ, ಕುತ್ತಿಗೆಯನ್ನು ಹರಿತವಾದ ಆಯುಧದಿಂದ ಕೊಯ್ಯಲಾಗಿದೆ ಎಂಬುದು ಅವರ ಅಭಿಪ್ರಾಯ. ಇದೇ ಕ್ಯಾಮೆರಾನ್, 1972ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಕಾನ್ಫೈಟ್ ಕೊಲೆಯಲ್ಲಿ ಮರಣದ ವೇಳೆಯ ಬಗ್ಗೆ ಸಾಕ್ಷ್ಯ ನುಡಿದವರು. ಆ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ಮೂವರು ಹುಡುಗರು 1975ರಲ್ಲಿ ಬಿಡುಗಡೆಯಾಗಿದ್ದರು. 1981ರ ಸೆಪ್ಟೆಂಬರಿನಲ್ಲಿ ತನಿಖೆ ಮತ್ತೆ ತೆರೆಯಿತು. ಪೊಲೀಸರು ಚೇಂಬರ್ಲೇನರ ಹಳದಿ ಟೊರಾನಾ ಕಾರನ್ನು ವಶಪಡಿಸಿಕೊಂಡರು. ಘಟನೆ ನಡೆದು ವರ್ಷ ದಾಟಿದ ಮೇಲೆ ಆ ಕಾರಿನಲ್ಲಿ ಎಳೆಮಗುವಿನ ರಕ್ತ ಸಿಕ್ಕಿತೆಂದು ಸಿಡ್ನಿಯ ಪ್ರಯೋಗಾಲಯ ವರದಿ ಕೊಟ್ಟಿತು. ಹುಟ್ಟಿದ ಕೆಲವು ತಿಂಗಳವರೆಗೆ ಮಗುವಿನ ರಕ್ತದಲ್ಲಿ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಇರುತ್ತದೆ. ಅದನ್ನು ಗುರುತಿಸುವ ರಾಸಾಯನಿಕದ ಮೂಲಕ ಪರೀಕ್ಷೆ ನಡೆದಿತ್ತು. ಮುಂಭಾಗದ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ರಕ್ತ ಚಿಮ್ಮಿದಂಥ ಹನಿಗಳ ಸಾಲಿತ್ತು. ಕತ್ತರಿ, ಕಾರು, ಕೊಯ್ದ ಕುತ್ತಿಗೆ: ಜನ ಊಹಿಸಿಕೊಂಡಿದ್ದ ಚಿತ್ರಕ್ಕೆ ಬೇಕಾದ ಬಣ್ಣಗಳೆಲ್ಲ ಒದಗಿದವು.

ಡಾರ್ವಿನ್ ನಗರದಲ್ಲಿ 1982ರ ಸೆಪ್ಟೆಂಬರ್ 13ರಂದು ಕೊಲೆ ವಿಚಾರಣೆ ಆರಂಭವಾಯಿತು. ಜ್ಯೂರಿ ಪದ್ಧತಿ ನಮ್ಮಲ್ಲಿ ಈಗ ಇಲ್ಲವಾದ್ದರಿಂದ ಒಂದು ಮಾತು ಹೇಳಬೇಕು: ಅಲ್ಲಿ ಅಪರಾಧ ನಡೆದಿದೆಯೇ ಇಲ್ಲವೇ ಎಂದು ತೀರ್ಮಾನಿಸುವವರು ನ್ಯಾಯಾಧೀಶರಲ್ಲ, ಊರಿನ ಹನ್ನೆರಡು ಜನ ಸಾಮಾನ್ಯ ನಾಗರಿಕರು. ಈ ಹನ್ನೆರಡು ಜನರಲ್ಲಿ ಒಂಬತ್ತು ಗಂಡಸರು, ಮೂವರು ಹೆಂಗಸರು. ಎರಡು ವರ್ಷದಿಂದ ಎಲ್ಲರೂ ಓದಿದ ಪತ್ರಿಕೆಗಳನ್ನೇ ಅವರೂ ಓದಿದ್ದರು. ಡಿಂಗೊ ನಿರಪರಾಧಿ ಎಂದು ಅಚ್ಚು ಹಾಕಿದ ಟೀಶರ್ಟುಗಳನ್ನು ತೊಟ್ಟವರು ಆ ದಿನಗಳಲ್ಲಿ ಊರಿನಲ್ಲಿದ್ದರು. ಸರಕಾರದ ವಾದದ ಪ್ರಕಾರ, ಒಲೆಯ ಬಳಿಯಿಂದ ಎದ್ದುಹೋದ ಐದು ಹತ್ತು ನಿಮಿಷದೊಳಗೆ ಲಿಂಡಿ ಮಗುವನ್ನು ಕಾರಿಗೆ ಒಯ್ದು, ಕುತ್ತಿಗೆ ಕೊಯ್ದು, ಶವವನ್ನು ಕ್ಯಾಮೆರಾ ಚೀಲದಲ್ಲಿ ಬಚ್ಚಿಟ್ಟು, ದೊಡ್ಡ ಮಗನಿಗೆಂದು ತಿನಿಸಿನ ಡಬ್ಬಿ ಹಿಡಿದು ನಗುಮುಖದಿಂದ ಮರಳಿರಬೇಕು. ಶವ ಇರಲಿಲ್ಲ. ಉದ್ದೇಶವೇನೆಂದು ಸೂಚಿಸಲು ತಾವು ಹೋಗುವುದಿಲ್ಲವೆಂದು ಸರಕಾರಿ ವಕೀಲ ಇಯಾನ್ ಬಾರ್ಕರ್ ಅವರೇ ಜ್ಯೂರಿಗೆ ಹೇಳಿದರು. ತಾಯಿ ಒಲೆಯ ಬಳಿಗೆ ಬಂದ ಮೇಲೆ ಮಗು ಅತ್ತದ್ದನ್ನು ಕೇಳಿದ ಹೆಂಗಸು ಸಾಕ್ಷಿ ಹೇಳಿದರು. ಆಕೆಗೆ ಸುಳ್ಳು ಹೇಳುವ ಯಾವ ಕಾರಣವೂ ಇರಲಿಲ್ಲ. ನ್ಯಾಯಾಧೀಶ ಜೇಮ್ಸ್ ಮ್ಯೂರ್‌ಹೆಡ್ ಜ್ಯೂರಿಗೆ ಕೊಟ್ಟ ವಿವರಣೆ ಪ್ರತಿವಾದಿಗಳತ್ತಲೇ ವಾಲಿತ್ತು. ಆದರೂ ಅಕ್ಟೋಬರ್ 29ರಂದು ತೀರ್ಪು ಬಂತು: ಲಿಂಡಿ ಕೊಲೆಗಾರ್ತಿ, ಕಠಿಣ ಶ್ರಮದೊಂದಿಗೆ ಜೀವಾವಧಿ ಶಿಕ್ಷೆ, ಮೈಕೆಲ್ ಕೃತ್ಯದ ನಂತರ ನೆರವಾದವರು, ಹದಿನೆಂಟು ತಿಂಗಳ ಅಮಾನತಿನಲ್ಲಿಟ್ಟ ಶಿಕ್ಷೆ.

ಉದ್ದೇಶವಿಲ್ಲ, ಶವವಿಲ್ಲ, ಪ್ರತ್ಯಕ್ಷ ಸಾಕ್ಷಿ ಆರೋಪಿಯ ಪರವಾಗಿದೆ. ಹೀಗಿರುವಾಗ ಹನ್ನೆರಡು ಜನ ಹೇಗೆ ಒಪ್ಪಿದರು ಎಂಬ ಪ್ರಶ್ನೆಗೆ ನನ್ನ ಉತ್ತರ ಇದು. ಉದ್ದೇಶವನ್ನು ಸರಕಾರ ಹೇಳಬೇಕಾಗಿರಲಿಲ್ಲ, ಗಾಳಿಮಾತು ಅದನ್ನು ಮೊದಲೇ ಹೇಳಿ ಮುಗಿಸಿತ್ತು. ಬಲಿ, ಪಂಥ, ಕಪ್ಪು ಅಂಗಿ, ಒಣಗಿದ ಕಣ್ಣು ಇವ್ಯಾವುವೂ ದೋಷಾರೋಪ ಪಟ್ಟಿಯಲ್ಲಿ ಇರಲಿಲ್ಲ, ಆದ್ದರಿಂದಲೇ ಅವುಗಳನ್ನು ಪಾಟೀಸವಾಲಿಗೆ ಒಡ್ಡಲೂ ಆಗುತ್ತಿರಲಿಲ್ಲ. ನ್ಯಾಯಾಲಯದೊಳಗೆ ಬಂದ ಸುಳ್ಳನ್ನು ವಕೀಲ ಪ್ರಶ್ನಿಸಬಹುದು. ಜ್ಯೂರಿಯವರು ಮನೆಯಿಂದ ತಲೆಯೊಳಗೆ ಹೊತ್ತು ತಂದ ಸುಳ್ಳಿನ ಎದುರು ಅವನ ಕೈ ಕಟ್ಟಿಹೋಗಿರುತ್ತದೆ. ತಜ್ಞರ ವಿಷಯದಲ್ಲಿ ನನ್ನ ಮಾತನ್ನು ಎಚ್ಚರದಿಂದ ಇಡಬೇಕು. ಅವರು ಬೇಕೆಂದೇ ಸುಳ್ಳು ಸೃಷ್ಟಿಸಿದರೆಂದು ನಾನು ಹೇಳುತ್ತಿಲ್ಲ. ರಕ್ತ ಇದೆಯೇ ಎಂದು ಹುಡುಕುವುದಕ್ಕೂ, ರಕ್ತ ಇದ್ದೇ ಇದೆ, ಎಲ್ಲಿದೆ ಎಂದು ಹುಡುಕುವುದಕ್ಕೂ ವ್ಯತ್ಯಾಸವಿದೆ. ಇಡೀ ದೇಶ ಎರಡನೆಯ ಪ್ರಶ್ನೆಯನ್ನು ಕೇಳುತ್ತಿರುವಾಗ ಮೊದಲನೆಯದನ್ನು ಹಿಡಿದು ನಿಲ್ಲುವುದಕ್ಕೆ ಪಾಂಡಿತ್ಯದ ಜೊತೆ ಬೇರೊಂದು ಶಕ್ತಿ ಬೇಕಾಗುತ್ತದೆ.

ಲಿಂಡಿ ತೀರ್ಪಿನ ವೇಳೆಗೆ ತುಂಬು ಗರ್ಭಿಣಿ. ನವೆಂಬರ್ 17ರಂದು ಹೆಣ್ಣುಮಗು ಹುಟ್ಟಿತು, ಹುಟ್ಟಿದ ಸ್ವಲ್ಪ ಹೊತ್ತಿಗೆ ಅದನ್ನು ತಾಯಿಯಿಂದ ಬೇರ್ಪಡಿಸಲಾಯಿತು. ಮೇಲ್ಮನವಿಯ ತೀರ್ಮಾನದವರೆಗೆ ಜಾಮೀನು ಸಿಕ್ಕಿತಾದರೂ 1983ರ ಏಪ್ರಿಲ್‌ನಲ್ಲಿ ಫೆಡರಲ್ ನ್ಯಾಯಾಲಯ ಮನವಿಯನ್ನು ತಳ್ಳಿಹಾಕಿದ ಮೇಲೆ ಮತ್ತೆ ಸೆರೆಮನೆ. 1984ರ ಫೆಬ್ರವರಿಯಲ್ಲಿ ಅತ್ಯುನ್ನತ ನ್ಯಾಯಾಲಯವೂ ಮೂರು-ಎರಡರ ಬಹುಮತದಿಂದ ಮನವಿಯನ್ನು ತಿರಸ್ಕರಿಸಿತು. ಕಾನೂನಿನ ಬಾಗಿಲುಗಳೆಲ್ಲ ಮುಚ್ಚಿದವು.

ಬಾಗಿಲು ತೆರೆದದ್ದು ಇನ್ನೊಂದು ಸಾವು. 1986ರ ಆರಂಭದಲ್ಲಿ ಇಂಗ್ಲೆಂಡಿನ ಪ್ರವಾಸಿಯೊಬ್ಬ ಉಲುರು ಏರುವಾಗ ಬಿದ್ದು ಸತ್ತ. ಅವನ ದೇಹದ ಅವಶೇಷಗಳಿಗಾಗಿ ಬಂಡೆಯ ಬುಡದಲ್ಲಿ ಹುಡುಕುತ್ತಿದ್ದವರಿಗೆ ಫೆಬ್ರವರಿ 2ರಂದು, ಡಿಂಗೊಗಳು ಓಡಾಡುವ ಜಾಗದಲ್ಲಿ, ಮಣ್ಣಿನಲ್ಲಿ ಅರ್ಧ ಹೂತಿದ್ದ ಒಂದು ಪುಟ್ಟ ಕೋಟು ಕಂಡಿತು. ಐದೂವರೆ ವರ್ಷದಿಂದ ತಾಯಿ ಹೇಳುತ್ತ ಬಂದಿದ್ದ ಅದೇ ಬಿಳಿ ಹೆಣಿಗೆಯ ಕೋಟು. ಮೈಯುಡುಪಿನ ಮೇಲೆ ಡಿಂಗೊವಿನ ಜೊಲ್ಲು ಏಕಿಲ್ಲವೆಂಬ ಪ್ರಶ್ನೆಯನ್ನು ವಿಚಾರಣೆಯಲ್ಲಿ ಮತ್ತೆ ಮತ್ತೆ ಕೇಳಲಾಗಿತ್ತು. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲೆಂದೇ ಲಿಂಡಿ ಕೋಟನ್ನು ಕಲ್ಪಿಸಿದ್ದಾರೆ ಎಂಬಂತೆ ವಾದಿಸಲಾಗಿತ್ತು. ಫೆಬ್ರವರಿ 7ರಂದು ಅವರನ್ನು ಡಾರ್ವಿನ್ನಿನ ಬೆರಿಮಾ ಸೆರೆಮನೆಯಿಂದ ಬಿಟ್ಟರು. ಒಬ್ಬ ಅಪರಿಚಿತ ಕಾಲು ಜಾರಿ ಬೀಳದಿದ್ದರೆ ಆಕೆ ಇನ್ನೆಷ್ಟು ವರ್ಷ ಒಳಗಿರುತ್ತಿದ್ದರೋ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನ್ಯಾಯಮೂರ್ತಿ ಟ್ರೆವರ್ ಮಾರ್ಲಿಂಗ್ ಅವರ ಆಯೋಗ ಇಡೀ ಪ್ರಕರಣವನ್ನು ಬುಡದಿಂದ ಪರಿಶೀಲಿಸಿ 1987ರಲ್ಲಿ ವರದಿ ಕೊಟ್ಟಿತು. ಪ್ರಯೋಗಾಲಯದ ಸಾಕ್ಷ್ಯಕ್ಕೆ ಆಗ ಏನಾಯಿತೆಂಬುದನ್ನು ಗಮನಿಸಿ. ಡ್ಯಾಶ್‌ಬೋರ್ಡಿನ ಅಡಿಯ ‘ಚಿಮ್ಮಿದ ರಕ್ತ’ ಕಾರ್ಖಾನೆಯಲ್ಲಿ ಸದ್ದು ತಡೆಯಲೆಂದು ಸಿಂಪಡಿಸಿದ ರಾಸಾಯನಿಕವಾಗಿತ್ತು. ಅದೇ ಮಾದರಿಯ ಬೇರೆ ಕಾರುಗಳಲ್ಲೂ ಅದೇ ಹನಿಗಳಿದ್ದವು. ಬಳಸಿದ ರಾಸಾಯನಿಕ ದೊಡ್ಡವರ ರಕ್ತಕ್ಕೂ ಪ್ರತಿಕ್ರಿಯೆ ತೋರಬಲ್ಲದೆಂದು ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಬ್ಯಾರಿ ಬಾಟ್ಚರ್ ವಿಚಾರಣೆಯ ಕಾಲದಲ್ಲೇ ಹೇಳಿದ್ದರು. ಅವರ ಮಾತು ನಿಜವೆಂದು ತೋರಿತು. ಮರುಪರೀಕ್ಷೆ ಮಾಡೋಣವೆಂದರೆ ಮೂಲ ಪರೀಕ್ಷೆಯ ಫಲಕಗಳನ್ನೇ ಪ್ರಯೋಗಾಲಯ ನಾಶಪಡಿಸಿತ್ತು. ಮೈಯುಡುಪಿನ ಮೇಲೆ ರಕ್ತದ ಕೈಗುರುತು ಇರಲಿಲ್ಲ. ರಕ್ತವೆಂದು ಕಂಡದ್ದರಲ್ಲಿ ಬಹುಪಾಲು ಆ ಮರುಭೂಮಿಯ ಕೆಂಪು ಮಣ್ಣು. ಹೆಜ್ಜೆ ಓದಿದ ಅನಂಗು ಜನರ ಮಾತನ್ನು ಆಯೋಗ ಗಮನವಿಟ್ಟು ಕೇಳಿತು. ಡಿಂಗೊ ಹೊತ್ತಿದ್ದದ್ದು ಮಗುವನ್ನೇ ಏಕೆ, ಕಾಂಗರೂ ಆಗಿರಬಾರದೇಕೆ ಎಂಬ ಸವಾಲು ಬಂದಾಗ ಬಾರ್ಬರಾ ಚಿಕಾಡು ಅದಕ್ಕೆ ಮರುಪ್ರಶ್ನೆ ಹಾಕಿದರು: ಆ ಗುಡಾರದಲ್ಲಿ ಕಾಂಗರೂ ವಾಸವಾಗಿತ್ತೇ? ಎರಡು ಕೊರೊನರ್ ವಿಚಾರಣೆ, ಏಳು ವಾರದ ಕೊಲೆ ವಿಚಾರಣೆ, ಎರಡು ಮೇಲ್ಮನವಿಗಳ ಸಾವಿರಾರು ಪುಟಗಳ ನಡುವೆ ಇಷ್ಟು ನೇರವಾದ ಮಾತು ಇನ್ನೊಂದಿದೆಯೆಂದು ನಾನು ನಂಬುವುದಿಲ್ಲ.

ಇದೆಲ್ಲ ಟೆಲಿವಿಷನ್ನಿನ ಮೊದಲ ಕಾಲದ ಮಾತು, ಈಗ ಹಾಗಿಲ್ಲ ಎಂದು ಹೇಳುವವರಿದ್ದಾರೆ. ಅವರಿಗಾಗಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಇನ್ನೊಂದು ಪ್ರಕರಣವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2010ರ ಡಿಸೆಂಬರಿನಲ್ಲಿ ಜೊವಾನಾ ಯೇಟ್ಸ್ ಎಂಬ ಇಪ್ಪತ್ತೈದರ ತರುಣಿ ಕೊಲೆಯಾದರು. ಅವರಿದ್ದ ಮನೆಯ ಮಾಲೀಕ, ನಿವೃತ್ತ ಇಂಗ್ಲಿಷ್ ಅಧ್ಯಾಪಕ ಕ್ರಿಸ್ಟೋಫರ್ ಜೆಫರೀಸ್ ಅವರನ್ನು ಪೊಲೀಸರು ಬಂಧಿಸಿದ ಕೂಡಲೇ ಪತ್ರಿಕೆಗಳು ಅವರ ಉದ್ದ ಕೂದಲನ್ನು, ಒಂಟಿ ಬದುಕನ್ನು, ಕಾವ್ಯದ ರುಚಿಯನ್ನು ಅಪರಾಧದ ಲಕ್ಷಣಗಳಂತೆ ಬರೆದವು. ಅವರ ಮೇಲೆ ದೋಷಾರೋಪವೇ ಆಗಲಿಲ್ಲ. ಕೊಂದವನು ನೆರೆಮನೆಯ ವಿನ್ಸೆಂಟ್ ಟಬಾಕ್, 2011ರ ಅಕ್ಟೋಬರಿನಲ್ಲಿ ಅವನಿಗೆ ಶಿಕ್ಷೆಯಾಯಿತು. ಅದೇ ವರ್ಷದ ಜುಲೈನಲ್ಲಿ ಡೈಲಿ ಮಿರರ್ ಪತ್ರಿಕೆಗೆ 50,000 ಪೌಂಡ್, ಸನ್ ಪತ್ರಿಕೆಗೆ 18,000 ಪೌಂಡ್ ದಂಡ ವಿಧಿಸಿದ ನ್ಯಾಯಾಲಯ, ಇಂಥ ಬರಹ ನ್ಯಾಯಾಂಗ ನಿಂದನೆಯೆಂದು ಸಾರಿತು. ಎಂಟು ಪತ್ರಿಕೆಗಳು ಮಾನಹಾನಿಗಾಗಿ ಅವರಿಗೆ ಪರಿಹಾರ ಕೊಟ್ಟವು. ಒಬ್ಬರ ಒಣಗಿದ ಕಣ್ಣು, ಇನ್ನೊಬ್ಬರ ಉದ್ದ ಕೂದಲು. ಮೂವತ್ತು ವರ್ಷಗಳ ಅಂತರದಲ್ಲಿ, ಎರಡು ಖಂಡಗಳಲ್ಲಿ, ನೋಟ ಹರಿದದ್ದು ಕೃತ್ಯದತ್ತ ಅಲ್ಲ, ಮೈಯತ್ತ, ಮುಖದತ್ತ.

ಪತ್ರಿಕೋದ್ಯಮದ ವಿದ್ಯಾರ್ಥಿಗಳು ಇಲ್ಲಿರುವುದರಿಂದ ಒಂದು ಮಾತನ್ನು ಸೇರಿಸದಿದ್ದರೆ ಅನ್ಯಾಯವಾಗುತ್ತದೆ. ಚೇಂಬರ್ಲೇನರ ಪರವಾಗಿ ತೀರ್ಪನ್ನು ಪ್ರಶ್ನಿಸಿ ವರ್ಷಗಟ್ಟಲೆ ಬರೆದವರಲ್ಲೂ ಪತ್ರಕರ್ತರಿದ್ದರು. ಅವರು ನ್ಯಾಯಾಲಯದ ದಾಖಲೆಯನ್ನು ಪುಟಪುಟವಾಗಿ ಓದಿದರು, ರಸಾಯನಶಾಸ್ತ್ರವನ್ನು ಕಲಿತುಕೊಂಡರು, ಬಿಡಾರದಲ್ಲಿದ್ದ ಸಾಕ್ಷಿಗಳನ್ನು ಹುಡುಕಿಕೊಂಡು ಹೋದರು. ವೃತ್ತಿ ಒಂದೇ. ಒಬ್ಬ ತಾಯಿ ಅತ್ತಳೇ ಎಂದು ಕೇಳಿದ, ಇನ್ನೊಬ್ಬ ಮಗು ಅತ್ತದ್ದನ್ನು ಕೇಳಿಸಿಕೊಂಡವರು ಯಾರು ಎಂದು ಕೇಳಿದ.

1988ರ ಸೆಪ್ಟೆಂಬರ್ 15ರಂದು ಇಬ್ಬರ ಮೇಲಿನ ಅಪರಾಧ ನಿರ್ಣಯವನ್ನೂ ನ್ಯಾಯಾಲಯ ರದ್ದುಪಡಿಸಿತು. 1992ರಲ್ಲಿ 13 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. ಅಷ್ಟರಲ್ಲಿ ಅವರ ದಾಂಪತ್ಯ ಮುರಿದಿತ್ತು. ಸಂದೇಹ ಮಾತ್ರ ಮುರಿಯಲಿಲ್ಲ: 1995ರ ಮೂರನೆಯ ಕೊರೊನರ್ ವಿಚಾರಣೆ ಸಾವಿನ ಕಾರಣ ನಿರ್ಧರಿಸಲಾಗದು ಎಂದಿತು, ಆ ತಾಯಿಯ ಅಂದಿನ ಕೂಗು ಹಾಸ್ಯ ಕಾರ್ಯಕ್ರಮಗಳಲ್ಲಿ ನಗೆಯ ಸಾಲಾಗಿ ಬಳಕೆಯಾಗುತ್ತಲೇ ಇತ್ತು. ಲಿಂಡಿಗೆ ಬಂದ 20,000ಕ್ಕೂ ಹೆಚ್ಚು ಪತ್ರಗಳು ಇಂದು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಬೈದು ಬರೆದವುಗಳನ್ನೂ ಆಕೆ ಎಸೆಯದೆ ಉಳಿಸಿದ್ದಾರೆ. ಅವುಗಳ ನಡುವೆ, ತಾವು ನಂಬಿದ್ದು ತಪ್ಪಾಯಿತೆಂದು ಕ್ಷಮೆ ಕೇಳಿ ಬರೆದವರ ಕಾಗದಗಳೂ ಇವೆ.

2001ರಲ್ಲಿ ಕ್ವೀನ್ಸ್‌ಲ್ಯಾಂಡಿನ ಫ್ರೇಸರ್ ದ್ವೀಪದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಡಿಂಗೊಗಳು ಕೊಂದವು. ಡಿಂಗೊ ಮನುಷ್ಯರ ಮಕ್ಕಳನ್ನು ಕೊಲ್ಲಬಲ್ಲದೆಂದು ಇನ್ನು ಯಾರಿಗೂ ಒಪ್ಪಿಸಬೇಕಾಗಿರಲಿಲ್ಲ. 2012ರ ಜೂನ್ 12ರಂದು, ಅಜಾರಿಯಾ ಬದುಕಿದ್ದರೆ ಮೂವತ್ತೆರಡು ತುಂಬಿದ ಮರುದಿನ, ಡಾರ್ವಿನ್ನಿನಲ್ಲಿ ನಾಲ್ಕನೆಯ ವಿಚಾರಣೆಯ ಕೊರೊನರ್ ಎಲಿಜಬೆತ್ ಮಾರಿಸ್ ತಮ್ಮ ತೀರ್ಮಾನವನ್ನು ಓದಿದರು. ಓದುವಾಗ ಅವರ ದನಿ ಕಂಪಿಸಿತು. ತಂದೆತಾಯಿಯರಿಗೂ ಒಡಹುಟ್ಟಿದವರಿಗೂ ಅವರು ಸಂತಾಪ ಸೂಚಿಸಿದರು. ಆ ದಿನ ಲಿಂಡಿ ಮತ್ತು ಮೈಕೆಲ್ ಅವರ ಕೈಗೆ ಮಗಳ ತಿದ್ದಿದ ಮರಣ ಪತ್ರ ಬಂತು. ಕಾರಣ ಎಂಬಲ್ಲಿ, ಡಿಂಗೊ ದಾಳಿ ಮಾಡಿ ಎತ್ತಿಕೊಂಡು ಹೋದದ್ದು ಎಂದು ಬರೆದಿತ್ತು.